ಯಾರ ಕಡೆಯಿಂದ ಬಂತು

ಆ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಉಣ್ಣುತ್ತಿದ್ದವಳು ಎಲ್ಲರಿಗಿಂತ ಚಿಕ್ಕವಳು. ಮೂರು ತುಂಬಿದ ಹುಡುಗಿ. ಸಕ್ಕರೆ ಎಂದು ಕರೆಯುತ್ತಿದ್ದರು. ತನ್ನ ತಟ್ಟೆ ಖಾಲಿ ಮಾಡಿ ಅಜ್ಜನ ತಟ್ಟೆಗೆ ಕೈ ಹಾಕುವಳು, ಅದೂ ಮುಗಿದರೆ ಅಪ್ಪನ ಮೊಟ್ಟೆಯಲ್ಲಿ ಪಾಲು ಕೇಳುವಳು. ಆದರೂ ಕೈಕಾಲು ಕಡ್ಡಿ ಕಡ್ಡಿ, ಹೊಟ್ಟೆ ಮಾತ್ರ ಮುಂದೆ. ತಿಂದದ್ದು ಎಲ್ಲಿಗೆ ಹೋಗುತ್ತದೆ ಎಂಬುದು ಅವಳ ತಾಯಿಗೆ ಗೊತ್ತಿತ್ತು, ಏಕೆಂದರೆ ಚಡ್ಡಿ ಒಗೆಯುವವಳು ಅವಳೇ. ಎಣ್ಣೆಯಂತೆ ಜಿಡ್ಡು, ಎಷ್ಟು ಸೋಪು ಹಾಕಿದರೂ ಹೋಗದ ನಾತ. ಹಗ್ಗದ ಮೇಲೆ ಒಣಹಾಕುವಾಗ ಪಕ್ಕದವರು ನೋಡುತ್ತಾರೇನೋ ಎಂದು ಒಳಗಿನ ಸಾಲಿನಲ್ಲಿ ಹಾಕಿ, ಹೊರಗೆ ಸೀರೆ ಹರಡುತ್ತಿದ್ದಳು.

“ಉಣಿಸೋ ಕೈಲಿ ಅಕ್ಕರೆ ಇದ್ದರೆ ಉಂಡದ್ದು ಮೈಗೆ ಹತ್ತುತ್ತೆ,” ಎನ್ನುತ್ತಿದ್ದಳು ಅಜ್ಜಿ. ಯಾರಿಗೆ ಎಂದು ಹೇಳುತ್ತಿರಲಿಲ್ಲ. ಅಡುಗೆಮನೆಯಲ್ಲಿ ಆಗ ಇರುತ್ತಿದ್ದುದು ಸೊಸೆ ಒಬ್ಬಳೇ.

ಸೊಸೆ ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಕಿಟಕಿ ಪರದೆ ಹೊಲಿಯುತ್ತಿದ್ದಳು. ಗಂಡ ಪ್ಲಂಬರ್. ಬೀದಿಯಲ್ಲಿ ಯಾರ ಮನೆಯ ಪೈಪು ಕಟ್ಟಿದರೂ ಅವನಿಗೇ ಕರೆ. ಅವನ ತಂಗಿ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಅಲ್ಲಿ ಗಾಜು ಉಜ್ಜುವ ಹುಡುಗನೊಂದಿಗೆ ಅವಳ ಮದುವೆಯ ಮಾತು ಮುಕ್ಕಾಲುಪಾಲು ಮುಗಿದಿತ್ತು. ಬಸ್ ಓಡಿಸಿ ನಿವೃತ್ತನಾದ ಅಜ್ಜ ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತು, ಮನೆಯ ಮಾತು ಬಿಸಿಯಾದಾಗಲೆಲ್ಲ ಕಣ್ಣು ಮುಚ್ಚಿಕೊಳ್ಳುತ್ತಿದ್ದ.

ಸಕ್ಕರೆಗೆ ಕೆಮ್ಮೂ ಇತ್ತು. ಬಂದದ್ದು ಹೋಗುತ್ತಿರಲಿಲ್ಲ. ಔಷಧಿ ಅಂಗಡಿಯ ಸಿರಪ್ಪುಗಳೆಲ್ಲ ಮುಗಿದ ಮೇಲೆ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿನ ಡಾಕ್ಟರಮ್ಮ ಎದೆಗೆ ಕೊಳವೆ ಇಟ್ಟು ಕೇಳಿ, ಹೊಟ್ಟೆ ಒತ್ತಿ ನೋಡಿ, ಆಮೇಲೆ ತಾಯಿಯನ್ನು ಕೇಳಿದಳು:

“ಮಗೂಗೆ ಮುತ್ತು ಕೊಟ್ಟಾಗ ಉಪ್ಪುಪ್ಪು ಅನ್ಸುತ್ತಾ?”

ಅವಳು ತಲೆ ತಗ್ಗಿಸಿದಳು. “ಅನ್ಸುತ್ತೆ. ಸರಿಯಾಗಿ ಸ್ನಾನ ಮಾಡಿಸ್ತಿಲ್ಲ ಅಂದ್ಕೊಂಡಿದ್ದೆ.”

ಮಗುವಿನ ತೋಳಿನಿಂದ ಬೆವರು ತೆಗೆದು ಪರೀಕ್ಷೆ ಮಾಡಿದರು. ಆಮೇಲೆ ಮೂವರ ರಕ್ತವನ್ನೂ ತೆಗೆದುಕೊಂಡರು. ವರದಿಗಳೆಲ್ಲ ಬಂದ ದಿನ ಡಾಕ್ಟರಮ್ಮ ಗಂಡಹೆಂಡತಿಯನ್ನು ಕೂರಿಸಿಕೊಂಡು ನಿಧಾನವಾಗಿ ಹೇಳಿದಳು. ಕಾಯಿಲೆಯ ಹೆಸರು ಸಿಸ್ಟಿಕ್ ಫೈಬ್ರೋಸಿಸ್. ನಮ್ಮ ಮೈಯೆಲ್ಲ ಜೀವಕೋಶಗಳು. ಶ್ವಾಸಕೋಶದ ಒಳಮೈ, ಜೀರ್ಣರಸ ಹರಿಯುವ ನಾಳ, ಬೆವರಿನ ಗ್ರಂಥಿ, ಇಲ್ಲೆಲ್ಲ ಇರುವ ಕೋಶಗಳ ಗೋಡೆಯಲ್ಲಿ ಉಪ್ಪಿನಂಶ ದಾಟಿಹೋಗಲು ಒಂದು ಪುಟ್ಟ ಬಾಗಿಲಿದೆ. ಉಪ್ಪು ಹೊರಗೆ ಹೋದರೆ ನೀರು ಅದರ ಹಿಂದೆ ಹೋಗುತ್ತದೆ, ಒಳಮೈ ತೇವವಾಗಿರುತ್ತದೆ. ಈ ಮಗುವಿನಲ್ಲಿ ಆ ಬಾಗಿಲಿಲ್ಲ. ಹಾಗಾಗಿ ಎದೆಯ ಕಫ ಗೋಂದಾಗುತ್ತದೆ. ಜೀರ್ಣರಸ ನಾಳದಲ್ಲೇ ಕಟ್ಟಿಕೊಳ್ಳುತ್ತದೆ. ತಿಂದ ಬೆಣ್ಣೆ ತಿಂದ ಹಾಗೇ ಹೊರಗೆ ಬರುತ್ತದೆ.

ಪ್ಲಂಬರ್ ಅಲ್ಲಿಯವರೆಗೆ ಸುಮ್ಮನಿದ್ದವನು ಕೇಳಿದ: “ವಾಲ್ವ್ ಕೆಟ್ಟಿದೆಯಾ ಮೇಡಂ, ಇಲ್ಲ ಕೂರಿಸೇ ಇಲ್ವಾ?”

“ಕೋಶ ಅದನ್ನ ಮಾಡುತ್ತೆ. ಆದರೆ ಮಾಡೋ ವಿಧಾನ ಬರೆದಿರೋ ಜೀನ್‌ನಲ್ಲಿ ಮೂರೇ ಮೂರು ಅಕ್ಷರ ಬಿಟ್ಟುಹೋಗಿವೆ. ಅದರಿಂದ ಬಾಗಿಲು ಸರಿಯಾಗಿ ಮಡಚಿಕೊಳ್ಳಲ್ಲ. ಇದು ಸರಿಯಿಲ್ಲ ಅಂತ ಕೋಶವೇ ಅದನ್ನ ಒಳಗೇ ಒಡೆದು ಹಾಕಿಬಿಡುತ್ತೆ. ಗೋಡೆವರೆಗೂ ಬರೋದೇ ಇಲ್ಲ.”

“ಹಾಗಾದ್ರೆ ಬೆವರಲ್ಲಿ ಯಾಕೆ ಉಪ್ಪು ಜಾಸ್ತಿ?” ಎಂದಳು ಹೆಂಡತಿ.

“ಬೆವರಿನ ನಾಳದಲ್ಲಿ ಅದೇ ಬಾಗಿಲಿಗೆ ಉಲ್ಟಾ ಕೆಲಸ. ಹೊರಗೆ ಹೊರಟ ಉಪ್ಪನ್ನ ಒಳಗೆ ಎಳ್ಕೊಳ್ಳೋದು. ಇವಳಲ್ಲಿ ಎಳ್ಕೊಳ್ಳೋಕಾಗಲ್ಲ, ಸೋರಿ ಹೋಗುತ್ತೆ. ಅದಕ್ಕೇ ಊಟದಲ್ಲಿ ಉಪ್ಪು ಜಾಸ್ತಿ ಕೊಡಬೇಕು.” ಡಾಕ್ಟರಮ್ಮ ಇಬ್ಬರನ್ನೂ ನೋಡಿದಳು. “ಪ್ರತಿಯೊಬ್ಬರಲ್ಲೂ ಈ ಜೀನ್ ಜೋಡಿಯಾಗಿರುತ್ತೆ, ಒಂದು ತಾಯಿದು, ಒಂದು ತಂದೆದು. ಒಂದು ಸರಿಯಿದ್ರೂ ಸಾಕು, ಏನೂ ಆಗಲ್ಲ. ನಿಮ್ಮಿಬ್ಬರಲ್ಲೂ ಒಂದು ಸರಿಯಿದೆ, ಒಂದು ಸರಿಯಿಲ್ಲ. ಅವಳಿಗೆ ಇಬ್ಬರಿಂದಲೂ ಸರಿಯಿಲ್ಲದ್ದೇ ಹೋಗಿದೆ. ಇದು ಯಾರ ತಪ್ಪೂ ಅಲ್ಲ. ಆದರೆ ನಿಮಗೆ ಒಡಹುಟ್ಟಿದವರಿದ್ರೆ, ಅವರು ಮಕ್ಕಳು ಮಾಡ್ಕೊಳ್ಳೋ ಮುಂಚೆ ಪರೀಕ್ಷೆ ಮಾಡಿಸೋದು ಒಳ್ಳೇದು.”

ಆ ರಾತ್ರಿ ತಂಗಿ ಅಂಗಡಿಯಿಂದ ಇನ್ನೂ ಬಂದಿರಲಿಲ್ಲ. ಮಿಕ್ಕವರು ಊಟಕ್ಕೆ ಕೂತರು. ಸೊಸೆ ಒಂದು ಕ್ಯಾಪ್ಸೂಲ್ ಮಾತ್ರೆಯನ್ನು ಬಿಡಿಸಿ ಒಳಗಿನ ಸಣ್ಣ ಕಾಳುಗಳನ್ನು ಹಿಸುಕಿದ ಹಣ್ಣಿಗೆ ಬೆರೆಸಿ ಮಗುವಿಗೆ ತಿನ್ನಿಸಿದಳು. ತಿಂದದ್ದು ಜೀರ್ಣವಾಗಲು ಇನ್ನು ಮೇಲೆ ಪ್ರತಿ ಊಟಕ್ಕೂ ಇದು ಬೇಕು. ಆಮೇಲೆ ಅನ್ನಕ್ಕೆ ಬೆಣ್ಣೆ ಹಾಕಿ, ಉಪ್ಪು ಉದುರಿಸಿದಳು.

ಅಜ್ಜಿ ಸೌಟು ಕೆಳಗಿಟ್ಟಳು. “ಏನೇ ಇದು? ಬೆವರಲ್ಲೇ ಉಪ್ಪು ಉಕ್ತಾ ಇದೆ ಅಂತೀಯ, ಮೇಲಿಂದ ಇನ್ನೂ ಸುರೀತೀಯ?”

“ಉಕ್ತಿರೋದಲ್ಲ ಅತ್ತೆ, ಸೋರ್ತಿರೋದು. ಹೋದದ್ದನ್ನ ತುಂಬಬೇಕಂತೆ.”

“ತುಂಬು ತುಂಬು. ಹೆಸರು ಸಕ್ಕರೆ, ಮೈಯೆಲ್ಲ ಉಪ್ಪು.” ಅಜ್ಜಿ ಮಗನ ಕಡೆ ತಿರುಗಿದಳು. “ಅದು ಯಾರ ಕಡೆಯಿಂದ ಬಂತಂತೆ?”

ಪ್ಲಂಬರ್ ಆಲೂಗಡ್ಡೆ ಮುರಿಯುತ್ತಿದ್ದ. “ಅದೇನೋ ಹುಟ್ಟಿನಿಂದ ಬರೋದಂತೆ.”

“ಹುಟ್ಟಿನಿಂದ ಅಂದ್ರೆ? ನಮ್ಮ ಮನೇಲಿ ಇಂಥದ್ದು ಯಾರಿಗೂ ಇಲ್ಲ.”

“ಇಬ್ಬರಿಂದಲೂ ಬಂದಿದೆ ಅತ್ತೆ,” ಎಂದಳು ಸೊಸೆ. “ಅರ್ಧ ನನ್ನದು, ಅರ್ಧ ಇವರದು. ಕೇಳಿ ಬೇಕಾದ್ರೆ.”

ಅಜ್ಜಿ ಕೇಳಿದಳು. “ಹೌದೇನೋ?”

ಅವನು ಒಂದು ತುತ್ತು ಬಾಯಿಗೆ ಹಾಕಿಕೊಂಡ. ಅಗಿದು, ನುಂಗಿ, ನೀರು ಕುಡಿದ. “ಡಾಕ್ಟರುಗಳು ನೂರೆಂಟು ಹೇಳ್ತಾರಮ್ಮ. ಈಗ ಊಟ ಮಾಡೋಣ.”

ಸೊಸೆ ಅವನನ್ನೇ ನೋಡಿದಳು. ಅವನು ತಟ್ಟೆ ಬಿಟ್ಟು ಕಣ್ಣು ಎತ್ತಲಿಲ್ಲ. ಅಜ್ಜಿಗೆ ಬೇಕಾದ ಉತ್ತರ ಸಿಕ್ಕಿತ್ತು.

ಅಲ್ಲಿಂದ ಮನೆಯ ದಿನಚರಿಯೇ ಬದಲಾಯಿತು. ಬೆಳಿಗ್ಗೆ ಸಂಜೆ, ತಂಗಿ ಅಂಗಡಿಯಲ್ಲಿದ್ದ ಹೊತ್ತಿನಲ್ಲಿ, ಸೊಸೆ ಮೊಣಕಾಲ ಮೇಲೆ ದಿಂಬಿಟ್ಟು, ಮಗುವನ್ನು ಬೋರಲು ಮಲಗಿಸಿಕೊಂಡು, ಅಂಗೈ ಬೊಗಸೆಯ ಹಾಗೆ ಬಾಗಿಸಿ ಬೆನ್ನು ತಟ್ಟುತ್ತಿದ್ದಳು. ಒಳಗೆ ಅಂಟಿದ ಕಫ ಸಡಿಲಾಗಬೇಕು. ಆಸ್ಪತ್ರೆಯಲ್ಲಿ ಇಬ್ಬರಿಗೂ ಕಲಿಸಿದ್ದರು. ಪ್ಲಂಬರ್ ಒಮ್ಮೆ ತಟ್ಟಿ, ಮಗು ಅತ್ತಿತೆಂದು ಕೈ ಹಿಂದೆಗೆದುಕೊಂಡವನು ಮತ್ತೆ ಆ ಕಡೆ ಸುಳಿಯಲಿಲ್ಲ. ಅಜ್ಜಿ ಮಗಳಿಗೆ “ಮಗೂಗೆ ಸ್ವಲ್ಪ ಉಬ್ಬಸ” ಎಂದಷ್ಟೇ ಹೇಳಿದಳು. ಉಳಿದವರಿಗೆ ಅಪ್ಪಣೆಯಾಗಿತ್ತು:

“ಮದುವೆ ಮುಗಿಯೋವರೆಗೂ ಈ ಕಾಯಿಲೆ ಮಾತು ಹೊಸ್ತಿಲು ದಾಟಬಾರದು. ರಕ್ತದಲ್ಲಿ ದೋಷ ಅಂದ್ರೆ ಯಾರು ಹೆಣ್ಣು ತಗೋತಾರೆ?”

“ಅವಳು ಪರೀಕ್ಷೆ ಮಾಡಿಸ್ಕೋಬೇಕು ಅತ್ತೆ. ಡಾಕ್ಟರು ಹೇಳಿದಾರೆ.”

“ಮಾಡಿಸ್ಕೊಳ್ಳಲಿ, ಮದುವೆ ಆದಮೇಲೆ. ನೀನು ಬಾಯಿ ಬಿಟ್ಟೀಯ ಜೋಕೆ. ಅವಳ ಬಾಳಿಗೆ ಕಲ್ಲು ಹಾಕಿದ ಪಾಪ ನಿನಗೇ.”

ಪ್ಲಂಬರ್ ರಾತ್ರಿ ಹೆಂಡತಿಗೆ ಹೇಳಿದ, “ಸ್ವಲ್ಪ ದಿನ ಸುಮ್ಮನಿರು. ಮದುವೆ ಆಗಿಬಿಡಲಿ, ನಾನೇ ಹೇಳ್ತೀನಿ.” ಅವಳು ಯಂತ್ರದ ಸೂಜಿಗೆ ದಾರ ಪೋಣಿಸುತ್ತ, “ನೀವು ಹೇಳೋದನ್ನ ನೋಡಿದೀನಿ,” ಎಂದಳು.

ಒಂದು ಭಾನುವಾರ ಗಂಡಿನವರು ಊಟಕ್ಕೆ ಬಂದರು. ಹುಡುಗ ಮತ್ತು ಅವನ ತಾಯಿ. ಆಕೆ ಶಾಲೆಯ ಅಡುಗೆಮನೆಯಲ್ಲಿ ಇಡೀ ಆಯುಷ್ಯ ಕಳೆದವಳು, ಮಕ್ಕಳೆಂದರೆ ಜೀವ ಬಿಡುವವಳು. ಸಕ್ಕರೆಗೆ ಹಿಂದಿನ ದಿನದಿಂದ ಜ್ವರ ಬಂದು ಕಫ ಹೆಚ್ಚಾಗಿತ್ತು. ತಾಯಿಮಗು ಹಿಂದಿನ ಕೋಣೆಯಲ್ಲೇ ಇರಬೇಕು ಎಂದು ಅಜ್ಜಿ ಹೇಳಿದ್ದಳು. ಅಡುಗೆಯೆಲ್ಲ ಮಾಡಿಟ್ಟು ಸೊಸೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಊಟ ಅರ್ಧವಾಗಿತ್ತು. ಒಳಗಿನಿಂದ ಟಪ್ ಟಪ್ ಎಂದು ಸದ್ದು ಶುರುವಾಯಿತು.

“ಏನದು?” ಎಂದಳು ಹುಡುಗನ ತಾಯಿ.

“ಸೊಸೆ ಹಾಸಿಗೆ ಧೂಳು ಕೊಡವ್ತಿದಾಳೆ,” ಎಂದಳು ಅಜ್ಜಿ. “ಒಂದು ಹೊತ್ತು ಸುಮ್ಮನೆ ಕೂರೋಳಲ್ಲ.”

ಅಜ್ಜ ಕಣ್ಣು ಮುಚ್ಚಿಕೊಂಡ. ತಂಗಿ ನೀರು ತರಲು ಹೊರಗೆ ಹೋದಳು. ಅಷ್ಟರಲ್ಲಿ ಮಗು ಕೆಮ್ಮಿ, ಕೆಮ್ಮಿ, ಜೋರಾಗಿ ಅತ್ತಿತು. ಸದ್ದು ಮಾತ್ರ ನಿಲ್ಲಲಿಲ್ಲ. ಹುಡುಗನ ತಾಯಿ ಎಂಜಲು ಕೈಯಲ್ಲೇ ಎದ್ದು ಹೋಗಿ ಬಾಗಿಲು ತಳ್ಳಿದಳು. ಪ್ಲಂಬರ್ ಅವಳ ಹಿಂದೆಯೇ ಓಡಿದ.

ಮಗು ದಿಂಬಿನ ಮೇಲೆ ಬೋರಲಾಗಿ ಮಲಗಿತ್ತು. ಅಂಗಿ ಮೇಲೆ ಸರಿದಿತ್ತು, ಬೆನ್ನು ಕೆಂಪಗಿತ್ತು. ತಾಯಿಯ ಕೈ ಎತ್ತಿದ್ದು ಎತ್ತಿದ ಹಾಗೇ ನಿಂತಿತು.

“ಅಯ್ಯೋ, ಯಾಕಮ್ಮ ಕೂಸನ್ನ ಹೀಗೆ ಹೊಡೀತೀಯ? ಜ್ವರ ಬೇರೆ ಬಂದಿದೆ,” ಎಂದಳು ಆಕೆ. “ಏನು ತಪ್ಪು ಮಾಡ್ತು ಅದು?”

ಸೊಸೆ ಮಗುವಿನ ಅಂಗಿ ಕೆಳಗೆ ಎಳೆದಳು. ಆಕೆಯ ಭುಜದ ಹಿಂದೆ ನಿಂತಿದ್ದ ಗಂಡನ ಮುಖ ನೋಡಿದಳು.

ಅಜ್ಜಿ ಅಡುಗೆಮನೆಯ ಕಡೆಯಿಂದಲೇ ಕೂಗಿ ಹೇಳಿದಳು, “ಏನು ಮಾಡೋದು, ಅವಳಿಗೆ ಸ್ವಲ್ಪ ಸಿಟ್ಟು ಜಾಸ್ತಿ.”

ಹುಡುಗನ ತಾಯಿ ಪ್ಲಂಬರ್ ಕಡೆ ತಿರುಗಿದಳು. “ಹೆತ್ತ ಅಪ್ಪ ನೀನು. ನೀನಾದ್ರೂ ಒಂದು ಮಾತು ಹೇಳಬಾರದೇನಪ್ಪ?”

“ಹೇಳ್ತೀನಿ,” ಎಂದ ಅವನು. “ಇನ್ನು ಹೊಡೆಯದ ಹಾಗೆ ಹೇಳ್ತೀನಿ.”

ಹೆಂಡತಿ ಅವನನ್ನು ಇನ್ನೊಂದು ಕ್ಷಣ ನೋಡಿದಳು. ಆಮೇಲೆ ಎದ್ದು ಬಂದು, ಅವರಿಬ್ಬರ ಮುಖದ ಮುಂದೆ ಬಾಗಿಲು ಹಾಕಿದಳು. ಸದ್ದು ಮತ್ತೆ ಶುರುವಾಯಿತು. ಪ್ಲಂಬರ್ ಬಂದು ತನ್ನ ಜಾಗದಲ್ಲಿ ಕೂತ. ತಟ್ಟೆಯಲ್ಲಿದ್ದುದನ್ನೆಲ್ಲ ತಿಂದು ಮುಗಿಸಿದ. ಏನು ತಿಂದೆ ಎಂದು ಆಮೇಲೆ ಯಾರಾದರೂ ಕೇಳಿದ್ದರೆ ಹೇಳಲು ಅವನಿಗೆ ಗೊತ್ತಿರಲಿಲ್ಲ.

ಹೆಂಡತಿ ಜಗಳ ಆಡಲಿಲ್ಲ. ಆಡಿದ್ದರೆ ಅವನಿಗೆ ಹಗುರವಾಗುತ್ತಿತ್ತು. “ಗ್ಯಾಸ್ ಮುಗಿದಿದೆ”, “ಮಾತ್ರೆ ತರಬೇಕು”, ಇಷ್ಟೇ ಮಾತು. ಅವನ ಬಟ್ಟೆ ಒಗೆದು ಮಡಚಿಡುತ್ತಿದ್ದಳು, ಬುತ್ತಿ ಕಟ್ಟುತ್ತಿದ್ದಳು. ಅವನು ಏನಾದರೂ ಹೇಳಲು ಬಾಯಿ ತೆರೆದರೆ ಹೊಲಿಗೆ ಯಂತ್ರ ತುಳಿಯುತ್ತಿದ್ದಳು.

ಬೀದಿಗೆ ಸುದ್ದಿ ಹೇಗೆ ತಲುಪಿತೋ. ಹಾಲಿನ ಅಂಗಡಿಯಾಕೆ ಸಕ್ಕರೆಯ ಕೈಗೆ ಬಿಸ್ಕತ್ತು ಕೊಟ್ಟು, “ಅಮ್ಮ ಬೈದ್ರೆ ನನ್ನ ಹತ್ರ ಓಡಿ ಬಂದುಬಿಡು ಪುಟ್ಟಾ,” ಎಂದಳು, ತಾಯಿಗೆ ಕೇಳಿಸಲೆಂದೇ. ಪರದೆ ಹೊಲಿಯಲು ಕೊಟ್ಟಿದ್ದ ಒಬ್ಬಾಕೆ ಅರ್ಧಕ್ಕೇ ಬಟ್ಟೆ ವಾಪಸು ತೆಗೆದುಕೊಂಡು ಹೋದಳು. ಪ್ಲಂಬರ್ ಒಂದು ಮನೆಯಲ್ಲಿ ಬಚ್ಚಲಿನ ಪೈಪಿಗೆ ಕೈ ಹಾಕಿ ಕೂದಲ ಉಂಡೆ ಎಳೆಯುತ್ತಿದ್ದಾಗ, ಮನೆಯಾಕೆ ಮೇಲೆ ನಿಂತು, “ನಿನ್ನಂಥ ಸಾಧು ಮನುಷ್ಯನಿಗೆ ಅಂಥ ಹೆಂಡತಿ ಗಂಟುಬಿದ್ದಳಲ್ಲ,” ಎಂದು ಮರುಗಿದಳು. ಅವನು ಪೈಪಿನ ಮೇಲೇ ಮುಖ ಬಗ್ಗಿಸಿಕೊಂಡು ಕೆಲಸ ಮುಂದುವರಿಸಿದ.

ಕೊನೆಗೆ ಮಾತು ಬಂದದ್ದು ತಂಗಿಯಿಂದ. ಹುಡುಗನ ತಾಯಿ ಅಂಗಡಿಗೆ ಬಂದು, ಅವಳ ಕೈ ಹಿಡಿದುಕೊಂಡು, “ನಿಮ್ಮತ್ತಿಗೆಗೆ ನಯವಾಗಿ ಬುದ್ಧಿ ಹೇಳಮ್ಮ, ಹಸುಗೂಸು ಅದು,” ಎಂದು ಕಣ್ಣೀರು ಹಾಕಿದ್ದಳು. ಸಂಜೆ ಅವಳು ಚೀಲವನ್ನೂ ಇಳಿಸದೆ ಅಡುಗೆಮನೆಗೆ ಬಂದಳು.

“ಅತ್ತಿಗೆ, ಮಗೂನ ಹೊಡೀತೀರಾ ನೀವು?”

“ನಿಮ್ಮಣ್ಣನ್ನ ಕೇಳು.”

ಎಲ್ಲರೂ ತಟ್ಟೆಯ ಮುಂದಿದ್ದರು. ತಂಗಿ ಅಣ್ಣನ ಎದುರು ನಿಂತಳು. “ಅಣ್ಣ, ನಿನ್ನನ್ನೇ ಕೇಳ್ತಿರೋದು.”

“ಮೊದಲು ಊಟ ಮಾಡೇ,” ಎಂದಳು ಅಜ್ಜಿ.

“ನೀನು ಸುಮ್ಮನಿರಮ್ಮ.”

ಅಜ್ಜ ಕೈ ತೊಳೆದುಕೊಂಡುಬಿಟ್ಟ. ತಟ್ಟೆ ಪೂರ್ತಿ ಹಾಗೇ ಇತ್ತು. “ಹೇಳೋ,” ಎಂದ ಮಗನಿಗೆ. “ಆವತ್ತು ನಾನೂ ಅಲ್ಲೇ ಕೂತಿದ್ದೆ. ಕಣ್ಣು ಮುಚ್ಕೊಂಡಿದ್ದೆ, ಕಿವಿ ಮುಚ್ಕೊಂಡಿರಲಿಲ್ಲ. ನಾನು ಹೇಳಬೇಕಾಗಿತ್ತು, ಹೇಳಲಿಲ್ಲ. ನೀನು ಹೇಳು.”

ಪ್ಲಂಬರ್ ಹೇಳಿದ. ಕಾಯಿಲೆಯ ಹೆಸರು, ಬಾಗಿಲು, ಉಪ್ಪು, ಕಫ. ತಟ್ಟುವುದು ಯಾಕೆ ಎಂದು. “ಅರ್ಧ ನನ್ನಿಂದ ಬಂದಿದೆ. ನನಗೆ ಬಂದಿದ್ದು ಅಪ್ಪನಿಂದಲೋ ಅಮ್ಮನಿಂದಲೋ. ನಿನ್ನಲ್ಲೂ ಇರಬಹುದು. ನೀನು ನೋಡಿಸ್ಕೋಬೇಕು ಅಂದಿದ್ರು.”

“ಯಾವಾಗ ಅಂದಿದ್ರು?”

“ವರದಿ ಬಂದ ದಿನಾನೇ.” ತಂಗಿ ಲೆಕ್ಕ ಹಾಕಿದಳು. ಮದುವೆಯ ಬಟ್ಟೆ ತರಲು ಹೋಗಿದ್ದು, ಭಾನುವಾರದ ಊಟ, ಎಲ್ಲ ಅದರ ಆಮೇಲಿನದು.

“ಅಂದ್ರೆ ನನ್ನ ಮದುವೆ ಉಳಿಸೋಕೆ ಅತ್ತಿಗೆ ಮರ್ಯಾದೆ ತೆಗೆದ್ರಿ. ನನ್ನ ಹೆಸರು ಹೇಳ್ಕೊಂಡು. ನಾನು ಕೇಳಿದ್ನಾ?” ಅವಳ ದನಿ ಏರಲಿಲ್ಲ, ಇಳಿಯಿತು. “ಬೀದಿಯೆಲ್ಲ ಅವರನ್ನ ರಾಕ್ಷಸಿ ಅಂತಿದೆ. ನೀನು ಅವರು ಕಟ್ಟಿದ ಬುತ್ತಿ ತಗೊಂಡು ಕೆಲಸಕ್ಕೆ ಹೋಗ್ತೀಯ.”

“ನಿನ್ನ ಒಳ್ಳೇದಕ್ಕೇ ಕಣೇ...” ಎಂದಳು ಅಜ್ಜಿ.

“ನನಗೆ ನಾಳೆ ಇಂಥದೇ ಮಗು ಹುಟ್ಟಿದ್ರೆ ಆ ಮನೆಯವರೂ ನನ್ನ ಒಳ್ಳೇದಕ್ಕೇ ಅಂತ ಬಾಗಿಲು ಹಾಕ್ತಾರಮ್ಮ.”

ಅಜ್ಜಿ ಎದ್ದು ಒಲೆಯ ಕಡೆ ತಿರುಗಿ ನಿಂತಳು. ಒಲೆ ಆರಿತ್ತು.

ಮರುದಿನ ಪ್ಲಂಬರ್ ಕೆಲಸಕ್ಕೆ ಹೋಗದೆ ಹುಡುಗನ ಮನೆಗೆ ಹೋದ. ಹುಡುಗನ ತಾಯಿ ಮೆಟ್ಟಿಲ ಮೇಲೆ ಕೂತು ಬಟಾಣಿ ಬಿಡಿಸುತ್ತಿದ್ದಳು. ಒಳಗೆ ಬಾ ಎಂದರೂ ಅವನು ಹೋಗಲಿಲ್ಲ, ನಿಂತೇ ಹೇಳಿದ.

“ನನ್ನ ಹೆಂಡತಿ ಮಗೂನ ಹೊಡೆಯಲ್ಲಮ್ಮ. ಆವತ್ತು ನೀವು ನೋಡಿದ್ದು ಚಿಕಿತ್ಸೆ. ಹಾಗೆ ತಟ್ಟದಿದ್ರೆ ಅದಕ್ಕೆ ಉಸಿರು ಕಟ್ಟುತ್ತೆ.”

ಅವಳು ಬಟಾಣಿ ಬಿಡಿಸುವುದು ನಿಲ್ಲಿಸಿದಳು. ಪೂರ್ತಿ ಕೇಳಿದಳು. ಅವಳ ಮುಖ ಮೊದಲು ಬಿಳಚಿತು, ಆಮೇಲೆ ಕೆಂಪಾಯಿತು. “ನಾನು ನಾಲ್ಕು ಜನರ ಹತ್ರ ಹೇಳಿಬಿಟ್ಟೆನಲ್ಲಪ್ಪ,” ಎಂದಳು. ಬಟಾಣಿ ಪಕ್ಕಕ್ಕಿಟ್ಟು ಕೇಳಿದಳು: “ನನ್ನ ಬೆನ್ನ ಹಿಂದೇನೇ ನಿಂತಿದ್ದೆ. ಆವತ್ತೇ ಯಾಕೆ ಹೇಳಲಿಲ್ಲ?”

ದಾರಿಯುದ್ದಕ್ಕೂ ಅವನು ಈ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ಬಂದಿದ್ದ. ತಂಗಿಯ ಮದುವೆ, ಅಮ್ಮನ ಮಾತು, ಬಂದವರ ಮುಂದೆ ಗಲಾಟೆ ಬೇಡವೆಂದು. ಅವೆಲ್ಲವನ್ನೂ ಬಿಟ್ಟುಬಿಟ್ಟ.

“ನಾಚಿಕೆ ಆಯ್ತು,” ಎಂದ.

“ಕಾಯಿಲೆಗಾ?”

“ಹೂಂ. ನನ್ನ ರಕ್ತದ್ದು ಅಂತ.”

“ಈಗ?”

ಅವನು ತಲೆ ಅಲ್ಲಾಡಿಸಿದ. ಈಗಿನ ನಾಚಿಕೆಯೇ ಬೇರೆ ಎಂದು ಹೇಳಲು ಅವನಿಗೆ ಬರಲಿಲ್ಲ. ಮನೆಗೆ ಮರಳುವಾಗ ಹಾಲಿನ ಅಂಗಡಿಯ ಮುಂದೆ ನಿಂತು ಅದನ್ನೇ ಮತ್ತೊಮ್ಮೆ ಹೇಳಿದ. ಬಟ್ಟೆ ವಾಪಸು ತೆಗೆದುಕೊಂಡಾಕೆಯ ಮನೆಗೂ ಹೋದ. ಅವಳು ನಂಬಿದಳೋ ಇಲ್ಲವೋ, ಬಟ್ಟೆಯಂತೂ ಕೊಡಲಿಲ್ಲ.

ತಂಗಿ ಪರೀಕ್ಷೆಗೆ ಹೊರಟ ದಿನ ಅಜ್ಜಿಯೂ ಸೀರೆ ಬದಲಾಯಿಸಿ ನಿಂತಳು. “ನನ್ನದೂ ನೋಡಲಿ. ನಮ್ಮ ತವರಲ್ಲಿ ಎಲ್ಲರೂ ಗಟ್ಟಿಮುಟ್ಟು. ಇದ್ದರೆ ಇವರ ಕಡೆಯದೇ ಇರಬೇಕು,” ಎಂದು ಗಂಡನ ಕಡೆ ಕೈ ತೋರಿಸಿದಳು.

“ಇಷ್ಟು ದಿನ ಸೊಸೆ ಕಡೆಯದಾಗಿತ್ತು, ಈಗ ನನ್ನ ಕಡೆಗೆ ಬಂತು,” ಎಂದ ಅಜ್ಜ. “ಬರಲಿ ಬಿಡು, ನನ್ನ ಪಕ್ಕ ಅದಕ್ಕೂ ಒಂದು ಕುರ್ಚಿ ಹಾಕ್ತೀನಿ.”

ಕೆಲವು ವಾರಗಳ ಮೇಲೆ ವರದಿ ಬಂತು. ತಂಗಿಯಲ್ಲೂ ಒಂದು ಜೀನ್ ಸರಿಯಿರಲಿಲ್ಲ. ಅವಳೇ ಹೋಗಿ ಹುಡುಗನಿಗೆ ಹೇಳಿದಳು. ಅವನು ತಾನೂ ಪರೀಕ್ಷೆ ಮಾಡಿಸಿಕೊಂಡ. ಅವನವು ಎರಡೂ ಸರಿಯಿದ್ದವು. ಪರೀಕ್ಷೆ ಕಂಡುಹಿಡಿಯುವ ಮಟ್ಟಿಗೆ ಹೆದರುವಂಥದ್ದೇನಿಲ್ಲ ಎಂದಳು ಡಾಕ್ಟರಮ್ಮ. ಅವನ ತಾಯಿ, “ಮದುವೆಗೆ ನನ್ನ ಅಡ್ಡಿಯಿಲ್ಲ. ಆದರೆ ಸ್ವಲ್ಪ ದಿನ ಹೋಗಲಿ. ಆ ಮನೇಲಿ ಕೂತು ಉಣ್ಣೋಕೆ ನನಗೇ ಮುಖ ಇಲ್ಲ,” ಎಂದಳಂತೆ. ಮದುವೆ ಮುಂದಕ್ಕೆ ಹೋಯಿತು. ತಂಗಿ ಅಂಗಡಿಗೆ ಎಂದಿನಂತೆ ಹೋಗಿಬರುತ್ತಿದ್ದಳು. ಅಣ್ಣನೊಂದಿಗೆ ಮಾತಾಡುತ್ತಿದ್ದಳು, ಆದರೆ ಮೊದಲಿನಂತೆ ಅವನ ಜೇಬಿಗೆ ಕೈ ಹಾಕಿ ಚಿಲ್ಲರೆ ಎತ್ತಿಕೊಳ್ಳುತ್ತಿರಲಿಲ್ಲ.

ಅಜ್ಜಿ ತನ್ನ ವರದಿಯ ವಿಷಯ ಎತ್ತಲಿಲ್ಲ. ಎರಡು ದಿನ ತಲೆನೋವು ಎಂದು ಮಲಗಿದಳು. ಮೂರನೆಯ ದಿನ ತಾನೇ ಅಡುಗೆ ಮಾಡಿ ಎಲ್ಲರನ್ನೂ ಕೂರಿಸಿದಳು. ಯಾವಾಗಲೂ ಮೊದಲು ಮಗನ ತಟ್ಟೆಗೆ ಬಡಿಸುವವಳು ಆವತ್ತು ಸೊಸೆಯ ತಟ್ಟೆಯ ಮುಂದೆ ಬಾಗಿದಳು. ಎರಡು ಸೌಟು ಅನ್ನ ಹಾಕಿದಳು.

“ನಂದೇ ಅಂತೆ,” ಎಂದಳು.

“ಏನು ಅತ್ತೆ?”

“ಆ ಅರ್ಧ. ಇವನಿಗೆ ನನ್ನಿಂದಲೇ ಹೋಗಿರೋದು. ಮಗಳಿಗೂ.” ಬಡಿಸಿದ್ದು ಸಾಕಾಗಿದ್ದರೂ ಇನ್ನೊಂದು ಸೌಟು ಹಾಕಿದಳು. “ನಿನ್ನನ್ನ ಏನೇನೋ ಅಂದುಬಿಟ್ಟೆ. ಸಿಟ್ಟು ಜಾಸ್ತಿ ಅಂದೆ, ಬಂದವರ ಮುಂದೆ.”

ಸೊಸೆ ತಟ್ಟೆಯನ್ನೇ ನೋಡುತ್ತ ಕೂತಿದ್ದಳು. ಅವಳ ಕಣ್ಣು ತುಂಬಿ ಬಂತು, ಆದರೆ ಮುಖ ಮೆತ್ತಗಾಗಲಿಲ್ಲ.

“ಕೂತ್ಕೊಳ್ಳಿ ಅತ್ತೆ,” ಎಂದಳು ಕೊನೆಗೆ. “ನೀವೂ ಉಣ್ಣಿ. ಆರಿಹೋಗುತ್ತೆ.”

ಅಜ್ಜಿ ಕೂತಳು. ಸಕ್ಕರೆ, ಇನ್ನೂ ಬೆಣ್ಣೆ ಬೇಕೆಂದು, ಕೈ ಚಾಚಿದಳು. ಅಜ್ಜಿ ಬೆಣ್ಣೆ ಹಾಕಿ, ಉಪ್ಪಿನ ಡಬ್ಬಿ ಸೊಸೆಯ ಕಡೆ ಸರಿಸಿ, “ಎಷ್ಟು ಹಾಕಬೇಕು, ತೋರಿಸು,” ಎಂದಳು.

ಊಟವಾಗಿ ಸ್ವಲ್ಪ ಹೊತ್ತು ಕಳೆದ ಮೇಲೆ ಸೊಸೆ ಹಿಂದಿನ ಕೋಣೆಯಲ್ಲಿ ದಿಂಬು ಸರಿಮಾಡಿ ಮಗುವನ್ನು ಮಲಗಿಸಿಕೊಂಡಳು. ಪ್ಲಂಬರ್ ಬಾಗಿಲಲ್ಲಿ ಬಂದು ನಿಂತ. ಅವಳು ತಟ್ಟುತ್ತಲೇ ಹೇಳಿದಳು.

“ಅತ್ತೆ ಎಲ್ಲರ ಮುಂದೆ ಹೇಳಿದ್ರು. ನೀವು ಬೀದಿಯೆಲ್ಲ ಸುತ್ತಿ ಹೇಳಿದ್ರಿ, ಅದೂ ಗೊತ್ತು. ಆದರೆ ಆವತ್ತು ನೀವು ಇದೇ ಜಾಗದಲ್ಲಿ ನಿಂತು ‘ಹೊಡೆಯದ ಹಾಗೆ ಹೇಳ್ತೀನಿ’ ಅಂದ್ರಲ್ಲ.”

“ಹೂಂ.”

“ಅದನ್ನ ನಾನು ಮರೆಯಲ್ಲ.”

“ಗೊತ್ತು.”

“ಮರೀತಾಳೆ ಅಂತ ಕಾಯ್ಬೇಡಿ.”

“ಇಲ್ಲ.”

ಮಗು ಕೆಮ್ಮಿತು. ಅವಳು ಬಾಯಿ ಒರೆಸಿ, ಮಗುವನ್ನು ಇನ್ನೊಂದು ಮಗ್ಗುಲಿಗೆ ತಿರುಗಿಸಿದಳು. ಬಲಗೈ ಮಣಿಕಟ್ಟನ್ನು ಎಡಗೈಯಿಂದ ಒತ್ತಿಕೊಂಡು ಗೋಡೆಗೆ ಒರಗಿದಳು.

“ಬನ್ನಿ,” ಎಂದಳು. “ಈ ಕಡೆ ನೀವು ತಟ್ಟಿ. ನನ್ನ ಕೈ ಸೋತಿದೆ.”

ಅವನು ಒಳಗೆ ಬಂದು ಕೂತು, ಅಂಗೈ ಬಾಗಿಸಿ, ಮೆಲ್ಲಗೆ ಒಂದು ಸಲ ತಟ್ಟಿದ.

“ಹಾಗಲ್ಲ,” ಎಂದಳು ಅವಳು. “ಇನ್ನೂ ಗಟ್ಟಿಯಾಗಿ. ಹೊರಗೆ ಕೇಳ್ಬೇಕು.”